ಗಾಜಿನ ಮೇಲಿನ ಹೆಬ್ಬೆಟ್ಟು

"ಅಲ್ಲಾಡಿಸಬೇಡ. ಹಾಗೇ ಹಿಡಿ," ಎಂದರು ಅಚ್ಚಮ್ಮ.

ಬೊಚ್ಚಿ ಉಸಿರು ಬಿಗಿಹಿಡಿದು ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಚ್ಚಮ್ಮ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಮೂಗು ತಾಗುವಷ್ಟು ಹತ್ತಿರಕ್ಕೆ ಬಗ್ಗಿದರು.

ಲೆನ್ಸಿನ ಹಿಂಬದಿಯ ಗಾಜಿನ ಮೇಲೆ, ತಿಳಿ ನೇರಳೆ ಹೊಳಪಿನ ನಡುವೆ, ಹೊಗೆ ಹಿಡಿದಂಥ ಒಂದು ಗುರುತು ಇತ್ತು. ಸುತ್ತು ಸುತ್ತಾದ ಗೆರೆಗಳು. ಬರಿಗಣ್ಣಿಗೆ ಅದು ಬೂಷ್ಟಿನ ಹಾಗೆ ಕಾಣುತ್ತಿತ್ತು.

"ಒರೆಸಿ ನೋಡ್ಲಾ?"

"ಒರೆಸಿದರೆ ಹೋಗೋ ಜಾತಿಯದಲ್ಲ ಇದು. ಬೆರಳಿನ ಜಿಡ್ಡು ವರ್ಷಗಟ್ಟಲೆ ಕೂತು ಗಾಜಿನ ಲೇಪಾನೇ ತಿಂದುಹಾಕಿದೆ. ಹೆಬ್ಬೆಟ್ಟು. ಬಲಗೈದು."

ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ತಲೆ ನರೆಯುವ ತನಕ ದುಡಿದವರು ಅಚ್ಚಮ್ಮ. ಬೆರಳಚ್ಚು ಎಂದರೆ ಟೈಪಿಂಗ್ ಎಂದುಕೊಂಡ ಬೀದಿಯವರು ಅರ್ಜಿಗಳನ್ನು ಹಿಡಿದುಕೊಂಡು ಬಂದು ಬಂದು, ಕೊನೆಗೆ ಹೆಸರೇ ಅಚ್ಚಮ್ಮ ಎಂದಾಗಿತ್ತು. ನಿವೃತ್ತಿಯ ಮೇಲೆ ಸಣ್ಣಪುಟ್ಟ ಪತ್ತೆ ಕೆಲಸಕ್ಕೆ ಒಪ್ಪಿಕೊಳ್ಳುತ್ತಿದ್ದರು. ಆದರೆ ಇದು ಸಣ್ಣದಾಗಿ ಉಳಿಯುವ ಲಕ್ಷಣವೇನೂ ಇರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಕೆರೆಯಲ್ಲಿ ಬೊಚ್ಚಿಯ ಅಪ್ಪನ ಜೊತೆಗೇ ಮುಳುಗಿತು ಎಂದು ಎಲ್ಲರೂ ನಂಬಿದ್ದ ಲೆನ್ಸು, ಈಗ ಅವಳ ಅಂಗೈಯಲ್ಲಿತ್ತು.

ಅಪ್ಪನ ಲೆನ್ಸು ಅದೇ ಎನ್ನುವುದರಲ್ಲಿ ಬೊಚ್ಚಿಗೆ ಅನುಮಾನವೇ ಇರಲಿಲ್ಲ. ಅದರ ಮುಂದಿನ ಉಂಗುರದಲ್ಲಿದ್ದ ತಗ್ಗು ಅವಳದ್ದೇ ಕರಾಮತ್ತು. ಐದೋ ಆರೋ ವಯಸ್ಸಿನಲ್ಲಿ ಸ್ಟುಡಿಯೋದ ಮೆಟ್ಟಿಲ ಮೇಲೆ ಬೀಳಿಸಿದ್ದಳು. ಅಪ್ಪ ಬೈಯಲಿಲ್ಲ. ಇಕ್ಕಳಕ್ಕೆ ಚರ್ಮದ ಚೂರು ಸುತ್ತಿ, ತಗ್ಗನ್ನು ಮೆಲ್ಲಗೆ ಎತ್ತಿ, "ನಿನ್ನ ಹಣೆ ಮೇಲೂ ಇಂಥದ್ದೇ ಒಂದಿದೆ, ಇಬ್ಬರೂ ಜೋಡಿ ಆಯ್ತು" ಎಂದಿದ್ದರು.

ಅವಳೇನೂ ಪತ್ತೆದಾರಿಕೆಗೆ ಹೊರಟವಳಲ್ಲ. ಅಪ್ಪನ ಬಳಿ ಇದ್ದಂಥದ್ದೇ ಒಂದು ಹಳೆಯ ಕ್ಯಾಮರಾ ಕಟ್ಟಬೇಕು ಎನ್ನುವುದಷ್ಟೇ ಆಸೆ. ಆ ಜಾತಿಯ ಕ್ಯಾಮರಾ ಬಿಡಿ ಬಿಡಿಯಾಗಿಯೇ ಹುಟ್ಟುತ್ತದೆ. ನಡುವಿನ ಡಬ್ಬಿ ಒಂದು, ಮುಂದಿನ ಲೆನ್ಸು ಒಂದು, ಮೇಲಿಂದ ಬಗ್ಗಿ ನೋಡುವ ಮಡಚುವ ಮುಚ್ಚಳ ಒಂದು, ಫಿಲ್ಮು ಸುತ್ತಿಟ್ಟುಕೊಳ್ಳುವ ಹಿಂದಿನ ಪೆಟ್ಟಿಗೆ ಒಂದು. ಒಂದೊಂದನ್ನೂ ಒಂದೊಂದು ಕಡೆ ಹುಡುಕಿ ತರಬೇಕು. ಡಬ್ಬಿ ಮತ್ತು ಮುಚ್ಚಳ ಹಳೇ ಕ್ಯಾಮರಾ ಅಂಗಡಿಯಲ್ಲಿ ಸಿಕ್ಕಿದ್ದವು. ಲೆನ್ಸು ಕೂಡ ಅದೇ ಅಂಗಡಿಯಲ್ಲಿ, ಕೆಲವು ವಾರ ಬಿಟ್ಟು. ಹಿಂದಿನ ಪೆಟ್ಟಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ಇಂಟರ್ನೆಟ್ಟಿನಲ್ಲಿ 'ಹಳೇ ಗಿರಾಕಿ' ಎಂಬ ಹೆಸರಿನವನೊಬ್ಬ ಮಾರಾಟಕ್ಕೆ ಇಟ್ಟಿದ್ದನ್ನು ನೋಡಿ ಹಣ ಕಟ್ಟಿ ಕಾಯುತ್ತಿದ್ದಳು.

"ಇದು ಯಾವಾಗ ಬಿದ್ದ ಗುರುತು ಅಂತೀಯ?" ಅಚ್ಚಮ್ಮ ಭೂತಗನ್ನಡಿ ಕೆಳಗಿಟ್ಟರು.

"ಅಪ್ಪ ದಿನಾ ಬೆಳಿಗ್ಗೆ ಗಾಜು ಒರೆಸೋರು. ಹಲ್ಲುಜ್ಜೋದು ಮರೆತರೂ ಅದನ್ನ ಮರೀತಿರಲಿಲ್ಲ."

"ಆ ದಿನ?"

"ಆ ದಿನಾನೂ ಒರೆಸಿ, ಕ್ಯಾಮರಾಗೆ ಹಾಕಿಕೊಂಡೇ ಕೆರೆ ಹತ್ರ ಹೋಗಿದ್ದು." ಹೇಳುತ್ತ ಹೇಳುತ್ತ ಬೊಚ್ಚಿಯ ಧ್ವನಿ ನಿಧಾನವಾಯಿತು. "ಕ್ಯಾಮರಾಗೆ ಹಾಕಿದ ಮೇಲೆ ಹಿಂದಿನ ಗಾಜು ಡಬ್ಬಿಯ ಒಳಗಿರುತ್ತೆ. ಲೆನ್ಸು ಬಿಚ್ಚದೇ ಅದನ್ನ ಯಾರೂ ಮುಟ್ಟೋಕಾಗಲ್ಲ."

"ಅಂದ್ರೆ, ಆಮೇಲೆ ಯಾರೋ ಬಿಚ್ಚಿದ್ದಾರೆ. ನೀರೊಳಗೆ ಕೂತು ಬಿಚ್ಚಿರಲ್ಲ." ಅಚ್ಚಮ್ಮ ಒಂದು ಬಿಳಿ ಹಾಳೆ ಎಳೆದುಕೊಂಡು, ಕಂಡದ್ದನ್ನು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದರು. ಸುಳಿ, ಸುಳಿಯ ಸುತ್ತ ಗೆರೆಗಳು, ಆಮೇಲೆ ಗೆರೆಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋದ ಒಂದು ಓರೆ ಪಟ್ಟಿ. "ಇದು ಹಳೇ ಗಾಯ. ಆಳವಾಗಿ ಕುಯ್ದಿದೆ. ಬ್ಲೇಡೋ, ಚಾಕುವೋ."

ಬೊಚ್ಚಿ ಆ ಹಾಳೆಯನ್ನೇ ನೋಡಿದಳು.

"ಆ ಗಾಯಕ್ಕೆ ಬಟ್ಟೆ ಕಟ್ಟಿದ್ದು ನಾನೇ, ಅಚ್ಚಮ್ಮ."

"ಯಾರದು?"

"ಟಚಿಂಗ್ ಮಾಮನದು."

ಅಚ್ಚಮ್ಮ ಪೆನ್ಸಿಲ್ ಕೆಳಗಿಟ್ಟರು. ಅಪ್ಪ ಕ್ಯಾಮರಾ ಕೊರಳಿಗೆ ಹಾಕಿಕೊಂಡೇ ಕೆರೆಗೆ ಜಾರಿ ಬಿದ್ದರು ಎಂದು ಪೊಲೀಸರಿಗೆ ಹೇಳಿದ ಒಬ್ಬನೇ ಒಬ್ಬ ಸಾಕ್ಷಿ ಎಂದರೆ ಆ ಟಚಿಂಗ್ ಮಾಮ.

*

ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಟಚಿಂಗ್ ಮಾಮ ಇದ್ದರು. ರಕ್ತಸಂಬಂಧವೇನೂ ಇಲ್ಲ. ಅಪ್ಪನ ಸ್ಟುಡಿಯೋದಲ್ಲಿ ನೆಗೆಟಿವ್‌ಗಳಿಗೆ ಪೆನ್ಸಿಲ್ ಆಡಿಸಿ ಮುಖ ತಿದ್ದುವ 'ಟಚಿಂಗ್' ಕೆಲಸ ಮಾಡುತ್ತಿದ್ದವರು. ಬೊಚ್ಚಿ ತೊದಲುವ ಕಾಲದಿಂದಲೂ ಮಾಮ ಎಂದರೆ ಅವರೇ.

ಬಾಗಿಲು ತೆರೆದಾಗ ಅವರು ಬೊಚ್ಚಿಯನ್ನು ಗುರುತಿಸಲು ಮುಖವನ್ನು ಅವಳ ಹತ್ತಿರಕ್ಕೆ ತಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಬೊಚ್ಚಿನಾ! ಏನೇ ಇದು, ದಾರಿ ತಪ್ಪಿ ಬಂದೆಯಾ? ಬಾ ಬಾ. ಹಲ್ಲು ಕಟ್ಟೋ ಕೆಲಸ ಹೇಗಿದೆ?"

"ನಡೀತಿದೆ ಮಾಮ."

"ನೋಡಿ ಅಮ್ಮಾ," ಅವರು ಅಚ್ಚಮ್ಮನ ಕಡೆ ತಿರುಗಿದರು. "ಹಾಲುಹಲ್ಲು ಬಿದ್ದು ಬೊಚ್ಚುಬಾಯಿ ಆಗಿದ್ದಾಗ ಇವಳಪ್ಪ ಇಟ್ಟ ಹೆಸರು. ಈಗ ಊರಿನ ಬೊಚ್ಚುಬಾಯಿಗಳಿಗೆಲ್ಲ ಇವಳೇ ಹಲ್ಲು ಮಾಡಿಕೊಡ್ತಾಳೆ. ನನಗೊಂದು ಸೆಟ್ ಮಾಡಿಕೊಡೇ ಅಂದ್ರೆ ಮಾತ್ರ ಬರೋದೇ ಇಲ್ಲ."

ಕಿಟಕಿಯ ಬಳಿ ಆ ಹಳೆಯ ಮೇಜು ಹಾಗೆಯೇ ಇತ್ತು. ಓರೆಯಾಗಿ ನಿಲ್ಲಿಸಿದ ಮಬ್ಬು ಗಾಜು, ಅದರ ಕೆಳಗೆ ಬೆಳಕು ಎತ್ತಿ ಹಾಯಿಸುವ ಕನ್ನಡಿ, ಉಪ್ಪುಕಾಗದಕ್ಕೆ ತೀಡಿ ತೀಡಿ ಸೂಜಿಯಂತೆ ಮಾಡಿದ ಪೆನ್ಸಿಲುಗಳು, ಚಪ್ಪಟೆ ಚಾಕು. ಶಾಲೆ ಬಿಟ್ಟ ಮೇಲೆ ಆ ಮೇಜಿನ ಕೆಳಗೆ ಕೂತು ಬೊಚ್ಚಿ ಎಷ್ಟು ಸಂಜೆ ಕಳೆದಿದ್ದಳೋ. ಮೇಲೆ ಪೆನ್ಸಿಲ್ ಕೆರೆಯುವ ಸದ್ದು. ಒಳಗಿನ ಕತ್ತಲೆ ಕೋಣೆಯಿಂದ ಹುಳಿ ವಾಸನೆ. ಮುಂದಿನ ಕೋಣೆಯಲ್ಲಿ ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ ಒಂದೇ ಮಾತು: "ನಗಬೇಡಿ. ನಗು ತಾನಾಗೇ ಬರಲಿ."

"ಆ ಕಾಲ ಬಿಡಿ," ಮಾಮ ಸ್ಟವ್ ಮೇಲೆ ಚಹಾಕ್ಕೆ ನೀರಿಡುತ್ತ ಹೇಳಿದರು. "ನಾನು ಅಳಿಸಿದ ಮೊಡವೆಗಳನ್ನೆಲ್ಲ ರಾಶಿ ಹಾಕಿದ್ರೆ ಒಂದು ಗುಡ್ಡ ಆಗ್ತಿತ್ತು. ಎಷ್ಟು ಮದುವೆ ಕುದುರಿದ್ದು ಈ ಪೆನ್ಸಿಲಿಂದ! ಅವಳಪ್ಪ ಇದ್ದದ್ದನ್ನ ಇದ್ದ ಹಾಗೆ ತೆಗೆಯೋನು. ನಾನು ಇಲ್ಲದ್ದನ್ನ ಇದ್ದ ಹಾಗೆ ಮಾಡೋನು. ಇಬ್ಬರೂ ಸೇರಿ ಸ್ಟುಡಿಯೋ ನಡೀತು."

ಬೊಚ್ಚಿ ಚೀಲದಿಂದ ಕ್ಯಾಮರಾ ತೆಗೆದು ಮೇಜಿನ ಮೇಲಿಟ್ಟಳು. ಡಬ್ಬಿಗೆ ಲೆನ್ಸು ಜೋಡಿಸಿಕೊಂಡೇ ಬಂದಿದ್ದಳು. ಡಬ್ಬಿಗೂ ಲೆನ್ಸಿಗೂ ಎರಡಕ್ಕೂ ಕೀ ಕೊಟ್ಟಿದ್ದರೆ ಮಾತ್ರ ಅವು ಒಂದಕ್ಕೊಂದು ಕೂರುತ್ತವೆ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ ಸಿಕ್ಕಿಹಾಕಿಕೊಂಡು ಎರಡೂ ಕೆಡುತ್ತವೆ. "ಇಬ್ಬರೂ ತಯಾರಿದ್ರೆ ಮಾತ್ರ ಸಂಬಂಧ ಕುದುರುತ್ತೆ" ಎಂದು ಅಪ್ಪ ಹೇಳಿಕೊಟ್ಟಿದ್ದು ಕೈಗೆ ಇನ್ನೂ ನೆನಪಿತ್ತು.

ಮಾಮ ಲೋಟ ಹಿಡಿದುಕೊಂಡು ತಿರುಗಿದರು. ಪೊರೆ ಬಂದ ಕಣ್ಣಿಗೂ ಅದು ಕಂಡಿತು. ಲೋಟದ ಚಹಾ ತುಳುಕಿ ನೆಲಕ್ಕೆ ಬಿತ್ತು.

"ನಿಮ್ಮ ಬಲಗೈ ಹೆಬ್ಬೆಟ್ಟು ಸ್ವಲ್ಪ ತೋರಿಸ್ತೀರಾ?" ಅಚ್ಚಮ್ಮ ಕೇಳಿದರು.

"ಯಾಕಮ್ಮಾ, ಆಸ್ತಿ ಬರೆದುಕೊಡ್ತೀರಾ?"

ಹಾಸ್ಯಕ್ಕೆ ಯಾರೂ ನಗಲಿಲ್ಲ. ಅವರೂ ನಗಲಿಲ್ಲ. ಲೋಟ ಕೆಳಗಿಟ್ಟು, ಕೈಯನ್ನು ಮೇಜಿನ ಮೇಲೆ ಅಂಗಾತ ಚಾಚಿದರು. ಹೆಬ್ಬೆರಳ ತುದಿಯಲ್ಲಿ ಓರೆಯಾಗಿ ಹೋದ ಬಿಳಿ ಗೆರೆ. ಅಚ್ಚಮ್ಮ ಭೂತಗನ್ನಡಿ ಇಟ್ಟು ನೋಡಿ, ತಾವು ಬರೆದ ಹಾಳೆ ಅದರ ಪಕ್ಕಕ್ಕಿಟ್ಟರು.

"ಇದು ಅದೇ."

"ನಾನು ಅವನ ಜೊತೆ ಕೆಲಸ ಮಾಡಿದೋನು. ಯಾವತ್ತೋ ಮುಟ್ಟಿರಬಹುದು."

"ಅಪ್ಪ ನಿಮಗೆ ಗಾಜು ಮುಟ್ಟೋಕೆ ಬಿಡ್ತಿದ್ರಾ ಮಾಮ?" ಬೊಚ್ಚಿ ಕೇಳಿದಳು. "ನಿಮ್ಮ ಬೆರಳಲ್ಲಿ ಸದಾ ಫಿಲ್ಮು ತೊಳೆಯೋ ಔಷಧಿ ನೀರು ಅಂತ, ಲೆನ್ಸ್ ಇಟ್ಟ ಕಪಾಟಿನ ಹತ್ರಾನೂ ಸೇರಿಸ್ತಿರಲಿಲ್ಲ. ನನಗೆ ಗೊತ್ತಿಲ್ವಾ?"

ಮಾಮ ಕುರ್ಚಿ ಎಳೆದುಕೊಂಡು ಕುಳಿತರು. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸುತ್ತಿದ್ದರು.

"ಅವನು ನೀರಿಗೆ ಬೀಳಲಿಲ್ಲ," ಎಂದರು ಮಾಮ.

ಬೊಚ್ಚಿ ಕ್ಯಾಮರಾವನ್ನು ಅವರ ಮುಂದಕ್ಕೆ ಸರಿಸಿದಳು.

"ಆ ದಿನ ಸಂಜೆ ಸ್ಟುಡಿಯೋದ ಹಿಂಬಾಗಿಲಿಂದ ಬಂದ. ಬಟ್ಟೆ ಒಣಗಿತ್ತು. ಕ್ಯಾಮರಾ ಕೊರಳಿಂದ ತೆಗೆದು ನನ್ನ ಕೈಗೆ ಕೊಟ್ಟ. 'ಇದು ನಿನ್ನ ಹತ್ರ ಇರಲಿ. ನಾನು ಕೆರೆಗೆ ಬಿದ್ದೆ ಅಂತ ಹೇಳು' ಅಂದ. ನಿನಗೇನು ತಲೆ ಕೆಟ್ಟಿದೆಯಾ ಅಂತ ಕೇಳಿದೆ. 'ನಾನು ಇದ್ದೀನಿ ಅಂತಾದ್ರೆ ಬೊಚ್ಚಿಗೂ ಅವಳಮ್ಮನಿಗೂ ನೆಮ್ಮದಿ ಇರಲ್ಲ' ಅಂದ. ಅಷ್ಟೇ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ."

"ನೀವು ಹೇಳಿಬಿಟ್ಟಿರಿ."

"ಹೇಳಿಬಿಟ್ಟೆ. ಪೊಲೀಸರ ಮುಂದೆ ಹೇಳಿದೆ. ನಿಮ್ಮಮ್ಮನ ಮುಂದೆ ಹೇಳಿದೆ."

"ಮಾಮ, ಕೆರೆ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಇವತ್ತಿಗೂ ಕಣ್ಣು ಮುಚ್ಚಿಕೊಳ್ತೀನಿ. ಎಲ್ಲರೂ ಈಜು ಕಲಿಯುವಾಗ ನಾನು ದಡದಲ್ಲಿ ಚಪ್ಪಲಿ ಕಾಯ್ತಾ ಕೂತಿರ್ತಿದ್ದೆ. ನೀವೇ ಬಂದು ಪಕ್ಕ ಕೂತು ಸಮಾಧಾನ ಮಾಡ್ತಿದ್ರಿ. ಆಗಲಾದ್ರೂ ಬಾಯಿಗೆ ಬರಲಿಲ್ವಾ?"

"ಬಂತು. ನುಂಗಿಕೊಂಡೆ." ಅವರು ಕಣ್ಣು ಒರೆಸಿಕೊಂಡರು. "ಅವನ ಮಾತು ನಂಬಿದ್ದೆ ಕಣೇ. ಹೇಳಿದ್ರೆ ನಿನಗೇ ಏನೋ ಆಗಿಬಿಡುತ್ತೆ ಅಂತ ಹೆದರಿದ್ದೆ."

ಅಚ್ಚಮ್ಮ ಅವಳ ಭುಜದ ಮೇಲೆ ಕೈಯಿಟ್ಟು, ತಾವೇ ಮುಂದುವರಿಸಿದರು. "ಆ ದಿನ ಅವರನ್ನ ನೋಡೋಕೆ ಯಾರಾದ್ರೂ ಬಂದಿದ್ರಾ?"

"ಇವಳ ಸೋದರಮಾವ ಬಂದಿದ್ದ. ಮಧ್ಯಾಹ್ನ. ಒಳಗೆ ಬಾಗಿಲು ಹಾಕಿಕೊಂಡು ಇಬ್ಬರೂ ಕೂಗಾಡಿದ್ರು. ಏನು ಅಂತ ಕೇಳಿಸಲಿಲ್ಲ. ಹೋಗುವಾಗ ನನ್ನ ಮುಖ ಕೂಡ ನೋಡದೇ ಹೋದ."

ಬೊಚ್ಚಿ ತಲೆಯೆತ್ತಿದಳು. ಅಪ್ಪ ಹೋದ ಮೇಲೆ ಸ್ಟುಡಿಯೋದ ಬೋರ್ಡು ಇಳಿಸಿ ಅಲ್ಲಿ ಪೇಂಟ್ ಅಂಗಡಿ ಹಾಕಿದವನು ಸೋದರಮಾವ. ದೇಹ ಸಿಗದಿದ್ದರೂ ಮರಣ ಪ್ರಮಾಣಪತ್ರ ಮಾಡಿಸು ಎಂದು ಅಮ್ಮನ ಬೆನ್ನು ಹತ್ತಿದವನೂ ಅವನೇ. ಅಮ್ಮ ಮಾತ್ರ ಆ ವಿಷಯ ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

"ಕ್ಯಾಮರಾ ಬಿಚ್ಚಿದ್ದು ಯಾಕೆ?" ಅಚ್ಚಮ್ಮ ಕೇಳಿದರು.

"ಇಡಿಯಾಗಿ ಇದ್ರೆ ಯಾರ ಕಣ್ಣಿಗಾದ್ರೂ ಬೀಳುತ್ತೆ ಅಂತ. ಕೈ ತೊಳೆಯೋಕೂ ಪುರುಸೊತ್ತಿರಲಿಲ್ಲ. ಔಷಧಿ ನೀರಿನ ಕೈಯಲ್ಲೇ ಬಿಚ್ಚಿ, ನೆಗೆಟಿವ್ ಪೆಟ್ಟಿಗೆಗಳಲ್ಲಿ ಹಂಚಿಟ್ಟೆ. ಗಾಜು ಮುಟ್ಟಿದೆ ಅಂತ ಗೊತ್ತಾಗಿದ್ದು ಆಮೇಲೆ. ಅವನು ಇದ್ದಿದ್ರೆ ಕೊಂದೇಬಿಡ್ತಿದ್ದ." ಮಾಮನ ತುಟಿಯಲ್ಲಿ ಅರೆನಗು ಬಂದು ಹೋಯಿತು. "ಇಷ್ಟು ವರ್ಷ ಕಾಪಾಡಿದೆ. ಈಗ ಕಣ್ಣು ಹೋಗ್ತಿದೆ. ನಾನು ಸತ್ತ ಮೇಲೆ ಗುಜರಿ ಪಾಲಾಗಬಾರದು. ಒಬ್ಬಳು ಹುಡುಗಿ ಇಂಥದ್ದೇ ಹುಡುಕ್ತಿದ್ದಾಳೆ, ಹಲ್ಲು ಕಟ್ಟೋ ಕೆಲಸದವಳು ಅಂತ ಅಂಗಡಿಯವನು ಹೇಳಿದ. ನಿನ್ನ ಕೈಗೇ ಸೇರಲಿ ಅಂತ ಒಂದೊಂದಾಗಿ ಅವನಿಗೆ ಕೊಟ್ಟೆ. ನನ್ನ ಬಾಯಿಂದ ಹೇಳೋಕಾಗದ್ದನ್ನ ಅದೇ ಹೇಳಲಿ ಅಂತ."

"ಹಾಗಾದ್ರೆ ಹಿಂದಿನ ಫಿಲ್ಮ್ ಪೆಟ್ಟಿಗೆ? ಅದನ್ನೂ ನೀವೇ ಮಾರಿದ್ದಾ? ಹಳೇ ಗಿರಾಕಿ ಅಂತ ಹೆಸರಿಟ್ಟುಕೊಂಡು?"

ಮಾಮ ಅರ್ಥವಾಗದವರಂತೆ ಅವಳ ಕಡೆ ನೋಡಿದರು.

"ಅದು ನನ್ನ ಹತ್ರ ಇರಲೇ ಇಲ್ವಲ್ಲೇ. ನಾನು ಬಿಚ್ಚೋಕೆ ಮುಂಚೆ ಅವನೇ ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡ. 'ಇದರಲ್ಲಿ ಫಿಲ್ಮ್ ಇದೆ, ಇನ್ನೂ ಮುಗಿದಿಲ್ಲ' ಅಂದ. ಅದನ್ನ ತಗೊಂಡೇ ಹೋದ."

*

ಮೆಟ್ಟಿಲಿಳಿಯುವಾಗ ಬೊಚ್ಚಿ ಅರ್ಧದಲ್ಲೇ ತಿರುಗಿ ನಿಂತಳು.

"ಅಚ್ಚಮ್ಮ, ಅಪ್ಪ ಇದ್ದಾರಾ?"

"ಅಷ್ಟು ಅವಸರ ಬೇಡ. ಅವರು ಹುಟ್ಟಾ ಮುಖ ತಿದ್ದೋರು. ಹೇಳಿದ್ರಲ್ಲಿ ನಿಜ ಎಷ್ಟು, ಟಚಿಂಗ್ ಎಷ್ಟು ಅಂತ ಮೊದಲು ತಿಳೀಬೇಕು." ರಸ್ತೆಗೆ ಬಂದ ಮೇಲೆ ಅಚ್ಚಮ್ಮ ನಿಂತರು. "ಆ ಹಳೇ ಗಿರಾಕಿ ಪೆಟ್ಟಿಗೆ ಮಾರಾಟಕ್ಕೆ ಇಟ್ಟದ್ದು ಯಾವಾಗ?"

"ನಾನು 'ಬೇಕಾಗಿದೆ' ಅಂತ ಹಾಕಿದ ಮಾರನೇ ದಿನ."

"ಅಲ್ಲಿ ತನಕ?"

"ಅಲ್ಲಿ ತನಕ ಆ ಹೆಸರೇ ಅಲ್ಲಿ ಇರಲಿಲ್ಲ."

"ಹೂಂ," ಎಂದರು ಅಚ್ಚಮ್ಮ. "ನೀನು ಅವನನ್ನ ಹುಡುಕಿಕೊಂಡು ಹೋಗಿಲ್ಲ ಮಗಳೇ. ಅವನೇ ನಿನ್ನ ದಾರಿ ಕಾಯ್ತಿದ್ದ."

ಮನೆಗೆ ಬಂದಾಗ ಮುಂದಿನ ಕೋಣೆಯ ಮೇಜಿನ ಮೇಲೆ ಪಾರ್ಸೆಲ್ ಕಾಯುತ್ತಿತ್ತು.

"ನಿನ್ನ ಹೆಸರಿಗೆ ಏನೋ ಬಂದಿದೆ ನೋಡು," ಎಂದಳು ಅಮ್ಮ, ಒಣಗಿದ ಬಟ್ಟೆ ಮಡಚುತ್ತ. "ಕೊರಿಯರ್‌ನವನಿಗೆ ನಾನೇ ಸಹಿ ಮಾಡಿದೆ. ಅಚ್ಚಮ್ಮ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?"

"ಆಮೇಲೆ ಕುಡೀತೀನಿ."

ಅಮ್ಮ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೊಚ್ಚಿ ಪಾರ್ಸೆಲ್ ಬಿಚ್ಚಿದಳು. ಒಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಕಪ್ಪು ಪೆಟ್ಟಿಗೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಮುಂದೆ ಬೆಳಕು ತಡೆಯುವ ತೆಳು ತಗಡು ಹಾಕಿಯೇ ಇತ್ತು.

ಅಚ್ಚಮ್ಮ ಅದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲೂ ತುಕ್ಕಿಲ್ಲ. ಇದು ನೀರು ಕಂಡದ್ದೇ ಅಲ್ಲ. ಇನ್ನೊಂದು ಗಮನಿಸಿದ್ಯಾ? ಒಂದೇ ಒಂದು ಬೆರಳ ಗುರುತಿಲ್ಲ. ಹೊಸ ಸಾಮಾನಲ್ಲೂ ಕಟ್ಟಿದವನ ಗುರುತಾದ್ರೂ ಇರುತ್ತೆ. ಇದನ್ನ ಯಾರೋ ಚೆನ್ನಾಗಿ ಒರೆಸಿ, ಬಟ್ಟೆಯಲ್ಲೇ ಹಿಡಿದು ಕಟ್ಟಿದ್ದಾರೆ."

ಬೊಚ್ಚಿ ಪಕ್ಕದ ಪುಟ್ಟ ಕಿಂಡಿಯನ್ನು ನೋಡುತ್ತಿದ್ದಳು. ಅಲ್ಲಿ ಕೆಂಪು ಇದ್ದರೆ ಫಿಲ್ಮು ಕೊನೆಯ ತನಕ ಸುತ್ತಿಕೊಂಡಿದೆ ಎಂದು ಅರ್ಥ. ಕೆಂಪು ಇತ್ತು.

"ಒಳಗೆ ರೋಲು ಇದೆ," ಎಂದಳು ಪಿಸುದನಿಯಲ್ಲಿ. "ಮುಗಿದಿದೆ."

ಹೊಸ ಕ್ಯಾಮರಾದ ಮೊದಲ ರೋಲು ತೊಳೆಯುವುದಕ್ಕೆಂದು ಔಷಧಿ, ತೊಳೆಯುವ ಡಬ್ಬಿ ಎಲ್ಲ ತಂದಿಟ್ಟುಕೊಂಡಿದ್ದಳು. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು, ಬಾಗಿಲ ಸಂದಿಗೆ ಟವೆಲ್ ತುರುಕಿದಳು. ಅಮ್ಮನಿಗೆ ಮಾತ್ರ, "ನಲ್ಲಿ ಸೋರ್ತಿದೆ, ರಿಪೇರಿ ಮಾಡ್ತೀನಿ, ಈ ಕಡೆ ಬರಬೇಡ" ಎಂದಳು. ಸೋದರಮಾವನ ಹೆಸರು ಬಂದಿದ್ದ ಹೊತ್ತಿನಲ್ಲಿ ಅಮ್ಮನಿಗೆ ಏನನ್ನೂ ತಿಳಿಸುವುದು ಬೇಡ ಎಂದು ಅಚ್ಚಮ್ಮನೇ ಹೇಳಿದ್ದರು.

ಕತ್ತಲೆಯಲ್ಲಿ ಅವಳೊಬ್ಬಳೇ. ಅಚ್ಚಮ್ಮ ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತಿದ್ದರು.

ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಅಪ್ಪನ ಕತ್ತಲೆ ಕೋಣೆಯಲ್ಲೂ ಹೀಗೇ ಇರುತ್ತಿತ್ತು. ಅವಳು ಹೆದರಿದಾಗ ಅಪ್ಪ ಸುಮ್ಮನೆ ಗುನುಗುತ್ತಿದ್ದರು, ತಾನು ಎಲ್ಲಿದ್ದೇನೆ ಎಂದು ಅವಳಿಗೆ ತಿಳಿಯಲಿ ಎಂದು. ಈಗ ಆ ಗುನುಗು ಕಿವಿಯ ಪಕ್ಕದಲ್ಲೇ ಇದ್ದಂತೆ ಅನಿಸಿತು.

ಪೆಟ್ಟಿಗೆಯ ಒಳಭಾಗ ಎಳೆದು, ಸುರುಳಿ ತೆಗೆದು ಜೋಪಾನವಾಗಿಟ್ಟಳು. ಖಾಲಿ ಪೆಟ್ಟಿಗೆಯನ್ನು ಪಕ್ಕಕ್ಕಿಡುವಾಗ ಅವಳ ಉಗುರು ಒಳಗಿನ ಚೌಕದ ಅಂಚಿಗೆ ತಾಗಿತು.

ಅಂಚಿನಲ್ಲಿ ಏನೋ ಕೊರೆದಿತ್ತು. ಬೆರಳು ಮತ್ತೆ ಆಡಿಸಿದಳು. ಪಕ್ಕಪಕ್ಕದಲ್ಲಿ ಎರಡು ಪುಟ್ಟ ಕಚ್ಚು.

"ಅಚ್ಚಮ್ಮ!"

"ಏನಾಯ್ತು?"

"ಅಪ್ಪಂದೇ. ಇದು ಅಪ್ಪನ ಪೆಟ್ಟಿಗೆ."

ಬೊಚ್ಚಿ ಕತ್ತಲೆಗೆ ಹೇಳುವಂತೆ ಹೇಳಿದಳು. "ನನ್ನ ಮುಂದಿನ ಎರಡು ಹಲ್ಲು ಬಿದ್ದಾಗ ಅತ್ತಿದ್ದೆ. ಅಪ್ಪ ಸಣ್ಣ ಅರ ತಗೊಂಡು, ಫಿಲ್ಮಿಗೆ ಬೆಳಕು ಬೀಳೋ ಈ ಚೌಕದಲ್ಲಿ ಎರಡು ಕಚ್ಚು ಮಾಡಿದ್ರು. 'ನೋಡು, ನಿನ್ನ ಹಲ್ಲು ಎಲ್ಲೂ ಹೋಗಿಲ್ಲ, ಇನ್ನು ನಾನು ತೆಗೆಯೋ ಪ್ರತಿ ಫೋಟೋದಲ್ಲೂ ಹುಟ್ಟುತ್ತೆ' ಅಂದ್ರು. ಮನೇಲಿರೋ ನೆಗೆಟಿವ್‌ಗಳ ಅಂಚಲ್ಲೆಲ್ಲ ಆ ಎರಡು ಹಲ್ಲು ಇದೆ ಅಚ್ಚಮ್ಮ. ಬಂದವರ ಮುಖಕ್ಕೆಲ್ಲ ನನ್ನ ಹಲ್ಲು ಅಂಟಿಸಿ ಕಳಿಸೋರು."

"ಅಳಬೇಡ," ಎಂದರು ಹೊರಗಿನಿಂದ ಅಚ್ಚಮ್ಮ. "ಫಿಲ್ಮಿಗೆ ನೀರು ಬಿದ್ದೀತು."

ಹಳೆಯ ಸುರುಳಿ ಬೆನ್ನು ಬಗ್ಗಿದಂತೆ ಸುತ್ತಿಕೊಳ್ಳುತ್ತಿತ್ತು. ಪಟ್ಟು ಹಿಡಿದು ಅದನ್ನು ತೊಳೆಯುವ ಡಬ್ಬಿಗೆ ಸೇರಿಸಿದಳು. ಮುಚ್ಚಳ ಬಿಗಿದ ಮೇಲೆ ದೀಪ ಹಾಕಿ ಅಚ್ಚಮ್ಮನನ್ನು ಒಳಗೆ ಕರೆದಳು. ಔಷಧಿ ಸುರಿದಳು, ಕುಲುಕಿದಳು, ಚೆಲ್ಲಿದಳು, ಇನ್ನೊಂದು ಸುರಿದಳು. ಬಚ್ಚಲುಮನೆ ತುಂಬ ಅದೇ ಹುಳಿ ವಾಸನೆ ಎದ್ದಿತು. ಬೊಚ್ಚಿ ಕಣ್ಣು ಮುಚ್ಚಿ ಒಮ್ಮೆ ಎದೆ ತುಂಬ ಎಳೆದುಕೊಂಡಳು.

"ಏನು ಸಿಗುತ್ತೆ ಅಂತ ಗೊತ್ತಿಲ್ಲ," ಎಂದಳು. "ಇಷ್ಟು ಹಳೇ ಫಿಲ್ಮು. ಬರೀ ಮಬ್ಬೇ ಇರಬಹುದು."

"ನಿನ್ನ ಸೋದರಮಾವ ಕಾಣಬಹುದು. ನೋಡೋಣ."

ತೊಳೆದ ಫಿಲ್ಮನ್ನು ಅವಳು ಹಗ್ಗಕ್ಕೆ ಸಿಕ್ಕಿಸಿ, ಕಿಟಕಿಯ ಕಂಬಳಿ ಸರಿಸಿದಳು. ಮಧ್ಯಾಹ್ನದ ಬಿಸಿಲು ಒದ್ದೆ ಫಿಲ್ಮಿನ ಮೂಲಕ ಹಾದುಬಂತು.

ಅಂಚುಗಳಲ್ಲಿ ಮಂಜು ಕವಿದಿತ್ತು. ಆದರೂ ಚಿತ್ರಗಳು ಇದ್ದವು. ಮೇಲಿಂದ ಕೆಳಕ್ಕೆ ಸಾಲಾಗಿ ಒಂದೇ ಹುಡುಗಿ, ಸ್ಟುಡಿಯೋದ ಎತ್ತರದ ಸ್ಟೂಲಿನ ಮೇಲೆ. ಒಂದರಲ್ಲಿ ಮುಖ ಸಿಂಡರಿಸಿಕೊಂಡು, ಒಂದರಲ್ಲಿ ಕಾಲು ಮೇಲೆತ್ತಿ, ಒಂದರಲ್ಲಿ ಬಾಯಿ ಪೂರ್ತಿ ತೆರೆದು. ಪ್ರತಿ ಚೌಕದ ಅಂಚಿನಲ್ಲೂ ಎರಡು ಪುಟ್ಟ ಹಲ್ಲು.

"ನಾನು," ಎಂದಳು ಬೊಚ್ಚಿ. "ಎಲ್ಲಾ ನಾನೇ."

ಅಚ್ಚಮ್ಮ ಸಾಲಿನ ಕೆಳತುದಿಗೆ ಬಗ್ಗಿದ್ದರು. "ಇದೊಂದು ಬೇರೆ. ಇಲ್ಲಿ ನೋಡು, ಕೊನೇದು. ನಿಮ್ಮಮ್ಮ ಅಲ್ವಾ? ನಗ್ತಿದ್ದಾರೆ. ಅಬ್ಬಾ, ಎಂಥ ಕರೀ ಕೂದಲು! ವಯಸ್ಸಲ್ಲಿ ಎಷ್ಟು ಲಕ್ಷಣವಾಗಿದ್ರು."

ಬೊಚ್ಚಿಯೂ ಬಗ್ಗಿದಳು. ಹೌದು, ಅಮ್ಮನೇ. ಬಟ್ಟೆ ಒಣಹಾಕುವ ಹಗ್ಗದ ಪಕ್ಕ ನಿಂತು, ಕ್ಯಾಮರಾವನ್ನೇ ನೋಡಿ ನಗುತ್ತಿದ್ದಳು. ಹೇಳಿಸಿಕೊಂಡು ನಕ್ಕ ನಗುವಲ್ಲ, ತಾನಾಗೇ ಬಂದದ್ದು. ಚಿತ್ರ ತೆಗೆದವರು ಕ್ಯಾಮರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಅವಳ ಮುಂದೆ ತಲೆ ಬಗ್ಗಿಸಿ ತೆಗೆದಿದ್ದರು. ಅಪ್ಪ ತೆಗೆಯುತ್ತಿದ್ದುದೂ ಹಾಗೆಯೇ.

ಅವಳು ಮೇಲಿನ ಚೌಕ ನೋಡಿದಳು. ಸ್ಟೂಲಿನ ಮೇಲಿನ ಪುಟ್ಟ ಹುಡುಗಿಯ ಕೂದಲು ಮುದುಕಿಯ ತಲೆಯಂತೆ ಬೆಳ್ಳಗಿತ್ತು. ಮತ್ತೆ ಕೆಳಗಿನದು ನೋಡಿದಳು.

"ಅಚ್ಚಮ್ಮ," ಎಂದಳು. "ಇದು ನೆಗೆಟಿವ್. ಇಲ್ಲಿ ಕಪ್ಪಗೆ ಕಂಡರೆ ನಿಜದಲ್ಲಿ ಬಿಳಿ."

ಅಚ್ಚಮ್ಮ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದರು.

"ಇದು ವಯಸ್ಸಿನ ಅಮ್ಮ ಅಲ್ಲ. ಈಗಿನ ಅಮ್ಮ. ಈ ಹಗ್ಗ, ಈ ಗೋಡೆ... ಇದು ನಮ್ಮ ಹಿತ್ತಲು. ಪೆಟ್ಟಿಗೇನ ಬೇರೆ ಕ್ಯಾಮರಾಗೆ ಸಿಕ್ಕಿಸಿ ಇಲ್ಲೇ ತೆಗೆದಿದ್ದಾರೆ. ಅಪ್ಪ ಹೋದ ಎಷ್ಟೋ ವರ್ಷದ ಮೇಲೆ ನಾವು ಬಂದ ಮನೆ ಇದು. ಅಪ್ಪ ಈ ಮನೆ ನೋಡೇ ಇಲ್ಲ."

ಫಿಲ್ಮಿನ ತುದಿಯಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

ಹೊರಗೆ ಚಪ್ಪಲಿಯ ಸದ್ದು ಹತ್ತಿರ ಬಂದು ಬಾಗಿಲ ಬಳಿ ನಿಂತಿತು. ಯಾರೋ ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ತೊಳೆದಾಯ್ತೇನೆ ಬೊಚ್ಚಿ?" ಅಮ್ಮನ ಧ್ವನಿ. ನಾಚಿಕೆ ಬೆರೆತಿತ್ತು ಅದರಲ್ಲಿ. "ಕೊನೇದರಲ್ಲಿ ನಾನು ಚೆನ್ನಾಗಿ ಬಂದಿದ್ದೀನಾ?"